ಹಕ್ಕಿಗಳ ನೆಲೆ ಕಾಯ್ದ ಸಲೀಂ ಅಲಿ

ಮುಂಬಯಿಯ ಖೇತ್‌ವಾಡಿ ಎಂಬಲ್ಲಿ ಒಂದು ತುಂಬಿದ ಮನೆ ಇತ್ತು. ಅದರ ಯಜಮಾನರು ಅಮೀರುದ್ದೀನ್ ತಯ್ಯಬ್‌ಜಿ. ಅವರಿಗೂ ಅವರ ಮಡದಿ ಹಮೀದಾ ಬೇಗಂ ಅವರಿಗೂ ಸ್ವಂತ ಮಕ್ಕಳಿರಲಿಲ್ಲ. ಆದರೂ ಮನೆಯಲ್ಲಿ ಮಕ್ಕಳ ಗದ್ದಲಕ್ಕೆ ಕೊರತೆ ಇರಲಿಲ್ಲ. ತಂದೆತಾಯಿಯರನ್ನು ಕಳೆದುಕೊಂಡ ಬಂಧುಗಳ ಮಕ್ಕಳು ಅಲ್ಲಿ ಬೆಳೆಯುತ್ತಿದ್ದರು. ಅವರಲ್ಲಿ ಸಲೀಂ ಎಂಬ ಪುಟ್ಟ ಹುಡುಗನೂ ಒಬ್ಬ. ಅವನು ಹುಟ್ಟಿದ್ದು 1896ರ ನವೆಂಬರ್ 12ರಂದು. ಒಂದು ವರ್ಷದವನಿದ್ದಾಗ ತಂದೆ ತೀರಿಕೊಂಡರು. ಮೂರು ವರ್ಷದವನಿದ್ದಾಗ ತಾಯಿಯೂ ಹೋದರು. ಸೋದರಮಾವ ಅಮೀರುದ್ದೀನ್ ಅವರೇ ಅವನಿಗೆ ತಂದೆಯಾದರು.

ಮಾವನಿಗೆ ಬೇಟೆಯ ಹವ್ಯಾಸವಿತ್ತು. ಆ ಕಾಲದಲ್ಲಿ ಬೇಟೆಯನ್ನು ತಪ್ಪೆಂದು ಯಾರೂ ತಿಳಿಯುತ್ತಿರಲಿಲ್ಲ. ಅರಸರು, ಅಧಿಕಾರಿಗಳು, ಶ್ರೀಮಂತರು ಎಲ್ಲರೂ ಬೇಟೆಯಾಡುತ್ತಿದ್ದರು. ಮಾವ ಹುಡುಗನಿಗೆ ಒಂದು ಏರ್‌ಗನ್ ತಂದುಕೊಟ್ಟರು. ಸಲೀಂ ಅದನ್ನು ಹಿಡಿದು ಗುಬ್ಬಚ್ಚಿಗಳ ಹಿಂದೆ ಅಲೆಯತೊಡಗಿದ. ಇಂದು ಯಾರಾದರೂ ಹಾಗೆ ಮಾಡಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಶಿಕ್ಷೆಯಾದೀತು. ಆದರೆ ಮುಂದೆ ನಡೆದುದೆಲ್ಲ ಈ ಏರ್‌ಗನ್ನಿನಿಂದಲೇ ಆರಂಭವಾಯಿತು ಎಂಬುದು ನಿಜ.

ಆಗ ಸಲೀಮನಿಗೆ ಹತ್ತು ಹನ್ನೆರಡು ವರ್ಷವಿರಬಹುದು. ಒಂದು ದಿನ ಅವನು ಹೊಡೆದು ಬೀಳಿಸಿದ ಗುಬ್ಬಚ್ಚಿಯ ಕೊರಳಲ್ಲಿ ಹಳದಿ ಬಣ್ಣದ ಮಚ್ಚೆ ಇತ್ತು. ಮನೆಯ ಸೂರಿನಲ್ಲಿ ಗೂಡು ಕಟ್ಟುವ ಗುಬ್ಬಚ್ಚಿಗೆ ಇಂಥ ಮಚ್ಚೆ ಇರುವುದಿಲ್ಲ. ಇದು ಯಾವ ಹಕ್ಕಿ? ಅವನು ಮಾವನ ಬಳಿಗೆ ಓಡಿದ. ಮಾವನಿಗೂ ತಿಳಿಯಲಿಲ್ಲ. ಅವರು ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿ ಎಂಬ ಸಂಸ್ಥೆಯ ಸದಸ್ಯರಾಗಿದ್ದರು. ಪ್ರಾಣಿ, ಪಕ್ಷಿ, ಗಿಡಮರಗಳ ಅಧ್ಯಯನ ನಡೆಸುವ ಸಂಸ್ಥೆ ಅದು. ಒಂದು ಚೀಟಿ ಬರೆದುಕೊಟ್ಟು, ಸಂಸ್ಥೆಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರನ್ನು ನೋಡಿ ಬಾ ಎಂದು ಹುಡುಗನನ್ನು ಕಳುಹಿಸಿದರು.

ಮಿಲ್ಲಾರ್ಡ್ ಇಂಗ್ಲಿಷರು. ಸಲೀಂ ಅಳುಕುತ್ತಲೇ ಒಳಗೆ ಹೋದ. ಆದರೆ ಮಿಲ್ಲಾರ್ಡ್ ಅವನನ್ನು ಗದರಿಸಲಿಲ್ಲ. ಸತ್ತ ಹಕ್ಕಿಯನ್ನು ಕೈಗೆ ತೆಗೆದುಕೊಂಡು ನೋಡಿ, ಅದು ಹಳದಿ ಕೊರಳಿನ ಗುಬ್ಬಚ್ಚಿ ಎಂದು ತಿಳಿಸಿದರು. ಒಂದೊಂದೇ ಪೆಟ್ಟಿಗೆಯನ್ನು ತೆರೆದು, ಚರ್ಮ ಸುಲಿದು ಹತ್ತಿ ತುಂಬಿ ಕಾಪಾಡಿದ್ದ ಹಕ್ಕಿಗಳನ್ನು ತೋರಿಸಿದರು. ಭಾರತದಲ್ಲಿ ಇಷ್ಟೊಂದು ಬಗೆಯ ಹಕ್ಕಿಗಳಿವೆ ಎಂದು ಸಲೀಮನಿಗೆ ಅದುವರೆಗೆ ಗೊತ್ತಿರಲಿಲ್ಲ. ಓದಲು ಪುಸ್ತಕಗಳೂ ಸಿಕ್ಕವು. ಹಕ್ಕಿಯನ್ನು ಗುರುತಿಸುವುದು, ಕಂಡದ್ದನ್ನು ದಿನಾಂಕ ಹಾಕಿ ಬರೆದಿಡುವುದು ಅಲ್ಲಿಂದ ಅವನಿಗೆ ಅಭ್ಯಾಸವಾಯಿತು.

ಶಾಲೆಯ ಓದಿನಲ್ಲಿ ಸಲೀಂ ಅಷ್ಟೇನೂ ಮುಂದಿರಲಿಲ್ಲ. ಲೆಕ್ಕವೆಂದರೆ ಭಯ. ದೊಡ್ಡವನಾದ ಮೇಲೆ ಮನೆಯವರ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಬರ್ಮಾ ದೇಶಕ್ಕೆ ಹೋದ. ಅಲ್ಲಿಯ ಕಾಡುಗಳಲ್ಲಿ ವ್ಯಾಪಾರಕ್ಕಿಂತ ಹಕ್ಕಿಗಳ ಕಡೆಗೇ ಅವನ ಗಮನ ಹೆಚ್ಚಾಗಿ ಹೋಯಿತು. 1917ರಲ್ಲಿ ಮುಂಬಯಿಗೆ ಮರಳಿ ಪ್ರಾಣಿಶಾಸ್ತ್ರ ಕಲಿತ. ಮರುವರ್ಷ ತೆಹಮೀನಾ ಅವರೊಡನೆ ಮದುವೆಯಾಯಿತು.

ಇನ್ನು ಮುಂದೆ ನಾವು ಅವರನ್ನು ಸಲೀಂ ಅಲಿಯವರು ಎಂದೇ ಕರೆಯೋಣ.

ಹಕ್ಕಿಗಳನ್ನೇ ನೋಡಿಕೊಂಡು ಬದುಕಬೇಕೆಂಬುದು ಅವರ ಆಸೆ. ಆದರೆ ಅಂಥ ಕೆಲಸ ಎಲ್ಲಿ ಸಿಗಬೇಕು? ಸರಕಾರದ ಪ್ರಾಣಿ ಸಮೀಕ್ಷಾ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆ ಖಾಲಿಯಿತ್ತು. ವಿಶ್ವವಿದ್ಯಾಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಅದು ಅವರಿಗೆ ದೊರೆಯಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ಪ್ರಾಣಿಪಕ್ಷಿಗಳ ವಿವರ ಹೇಳುವ ಕೆಲಸ ಸಿಕ್ಕಿತು. ಎರಡು ವರ್ಷಗಳ ಬಳಿಕ ರಜೆ ಪಡೆದು ಜರ್ಮನಿಗೆ ಹೋದರು. ಬರ್ಲಿನ್ ನಗರದಲ್ಲಿ ಸ್ಟ್ರೆಸೆಮನ್ ಎಂಬ ಹೆಸರಾಂತ ವಿಜ್ಞಾನಿಯ ಬಳಿ ಪಕ್ಷಿಶಾಸ್ತ್ರವನ್ನು ಅಭ್ಯಾಸ ಮಾಡಿದರು. 1930ರಲ್ಲಿ ಹಿಂತಿರುಗಿ ಬಂದು ನೋಡಿದರೆ, ಹಣದ ಕೊರತೆಯಿಂದ ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಕೈಯಲ್ಲಿ ಕೆಲಸವಿಲ್ಲ. ಮುಂಬಯಿಯಲ್ಲಿ ಮನೆ ನಡೆಸುವುದು ಕಷ್ಟ. ದಂಪತಿಗಳು ಕೀಹೀಂ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಮನೆಯ ಹತ್ತಿರದ ಮರಗಳಲ್ಲಿ ಗೀಜಗ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಸೋರೆಕಾಯಿಯ ಆಕಾರದಲ್ಲಿ ಕೊಂಬೆಯಿಂದ ತೂಗಾಡುವ ಗೀಜಗನ ಗೂಡನ್ನು ನೀವೂ ನೋಡಿರಬಹುದು. ಸಲೀಂ ಅಲಿಯವರು ದಿನವೂ ಮರೆಯಲ್ಲಿ ಕುಳಿತು ಗಂಟೆಗಟ್ಟಲೆ ಆ ಗೂಡುಗಳನ್ನೇ ನೋಡತೊಡಗಿದರು. ಮಳೆಗಾಲದ ಉದ್ದಕ್ಕೂ ನೋಡಿದರು. ಕಂಡದ್ದನ್ನೆಲ್ಲ ಬರೆದರು.

ಅವರು ಕಂಡದ್ದು ಇದು. ಗೂಡು ಹೆಣೆಯುವುದು ಗಂಡು ಹಕ್ಕಿ. ಗೂಡು ಅರ್ಧವಾಗುವಾಗ ಹೆಣ್ಣು ಹಕ್ಕಿಗಳು ಬರುತ್ತವೆ. ಗೂಡಿನ ಒಳಹೊಕ್ಕು ಪರೀಕ್ಷಿಸುತ್ತವೆ. ಹೆಣ್ಣಿಗೆ ಗೂಡು ಒಪ್ಪಿಗೆಯಾದರೆ ಅಲ್ಲೇ ಉಳಿಯುತ್ತದೆ. ಒಪ್ಪಿಗೆಯಾಗದಿದ್ದರೆ ಹಾರಿಹೋಗುತ್ತದೆ. ಒಪ್ಪಿಗೆ ಸಿಕ್ಕಿದ ಮೇಲೆ ಗಂಡು ಗೂಡನ್ನು ಪೂರ್ತಿ ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತಾಗ ಗಂಡು ಇನ್ನೊಂದು ಗೂಡನ್ನು ಕಟ್ಟಲು ತೊಡಗುತ್ತದೆ. ಇದನ್ನು ಮೊದಲು ಇಷ್ಟು ಸ್ಪಷ್ಟವಾಗಿ ತಿಳಿಸಿದವರು ಸಲೀಂ ಅಲಿ. ಕೆಲಸ ಕಳೆದುಕೊಂಡ ಮನುಷ್ಯ ಹಳ್ಳಿಯ ಮರದ ಎದುರು ಕುಳಿತು ಕಂಡುಹಿಡಿದ ಸಂಗತಿ ಇದು. 1931ರಲ್ಲಿ ಅಚ್ಚಾದ ಆ ಲೇಖನದಿಂದ ಅವರ ಹೆಸರು ವಿಜ್ಞಾನಿಗಳ ನಡುವೆ ಹರಡಿತು.

ಆಗ ನಮ್ಮ ದೇಶದಲ್ಲಿ ನೂರಾರು ಸಂಸ್ಥಾನಗಳಿದ್ದವು. ಯಾವ ಸಂಸ್ಥಾನದ ಕಾಡಿನಲ್ಲಿ ಯಾವ ಹಕ್ಕಿಗಳಿವೆ ಎಂಬುದರ ಲೆಕ್ಕ ಸರಿಯಾಗಿ ಇರಲಿಲ್ಲ. ಸಲೀಂ ಅಲಿಯವರು ಒಂದು ಉಪಾಯ ಹೂಡಿದರು. ತನಗೆ ಸಂಬಳ ಬೇಡ, ಕಾಡಿನಲ್ಲಿ ತಿರುಗಾಡುವ ಖರ್ಚನ್ನು ಕೊಟ್ಟರೆ ಸಾಕು, ಸಂಸ್ಥಾನದ ಎಲ್ಲ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ ಎಂದು ತಿಳಿಸಿದರು. ಮೊದಲು ಹೈದರಾಬಾದ್ ಸಂಸ್ಥಾನ ಒಪ್ಪಿತು. ಆಮೇಲೆ 1933ರಲ್ಲಿ ತಿರುವಿತಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳು ಅವರನ್ನು ಬರಮಾಡಿಕೊಂಡವು. ಹೀಗೆ ಅವರು ಇಂದಿನ ನಮ್ಮ ಕೇರಳಕ್ಕೆ ಬಂದರು.

ತೆಹಮೀನಾ ಅವರೂ ಜೊತೆಗಿದ್ದರು. ನಗರದಲ್ಲಿ ಸುಖವಾಗಿ ಬೆಳೆದಿದ್ದ ಅವರು ಡೇರೆಯ ವಾಸಕ್ಕೆ ಬೇಗನೆ ಹೊಂದಿಕೊಂಡರು. ಬೆಟ್ಟ, ಕಣಿವೆ, ನದೀತೀರಗಳಲ್ಲಿ ಬಿಡಾರ ಹೂಡುತ್ತ ದಂಪತಿಗಳು ಮುಂದೆ ಸಾಗಿದರು. ಪೆರಿಯಾರ್ ನದಿಯ ದಡದಲ್ಲಿ ತಟ್ಟೇಕ್ಕಾಡ್ ಎಂಬ ಸ್ಥಳವಿದೆ. ಅಲ್ಲಿಯ ತಗ್ಗು ಕಾಡಿನಲ್ಲಿ ಹಕ್ಕಿಗಳ ಸಂಖ್ಯೆ, ಬಗೆ ಎರಡನ್ನೂ ಕಂಡು ಸಲೀಂ ಅಲಿಯವರು ಬೆರಗಾದರು. ದಕ್ಷಿಣ ಭಾರತದಲ್ಲಿ ಹಕ್ಕಿಗಳ ಸಂಪತ್ತು ಇಷ್ಟಿರುವ ಜಾಗ ಮತ್ತೊಂದಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಕೇರಳದ ಹಕ್ಕಿಗಳ ಬಗ್ಗೆ ಅವರು ಮುಂದೆ ಪುಸ್ತಕವನ್ನೇ ಬರೆದರು.

1939ರಲ್ಲಿ ಒಂದು ಚಿಕ್ಕ ಶಸ್ತ್ರಚಿಕಿತ್ಸೆಯ ನಂತರ ತೆಹಮೀನಾ ತೀರಿಕೊಂಡರು. ಸಲೀಂ ಅಲಿಯವರು ಮತ್ತೆ ಮದುವೆಯಾಗಲಿಲ್ಲ. ಅಕ್ಕ ಮತ್ತು ಭಾವನ ಮನೆಯಲ್ಲಿ ಉಳಿದುಕೊಂಡು ತಮ್ಮ ಕೆಲಸವನ್ನು ಮುಂದುವರಿಸಿದರು.

ಆ ಸಮಯದಲ್ಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ಕೈಗೆತ್ತಿಕೊಂಡಿದ್ದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ನದಿಯ ನಡುವೆ ಕೆಲವು ಸಣ್ಣ ನಡುಗಡ್ಡೆಗಳಿವೆ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಅರಸರು ನದಿಗೆ ಒಡ್ಡು ಕಟ್ಟಿಸಿದಾಗ ಉಂಟಾದ ನಡುಗಡ್ಡೆಗಳು ಅವು. ಸುತ್ತಲೂ ನೀರು, ನೀರಿನಲ್ಲಿ ಮೊಸಳೆ. ಆದ್ದರಿಂದ ಜನ ಅಲ್ಲಿಗೆ ಸುಲಭವಾಗಿ ಹೋಗುವಂತಿರಲಿಲ್ಲ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಚಮಚದಂಥ ಕೊಕ್ಕಿನ ಕೊಕ್ಕರೆ ಮುಂತಾದವು ನಿಶ್ಚಿಂತೆಯಿಂದ ಮರಗಳ ಮೇಲೆ ಗೂಡು ಕಟ್ಟಿದ್ದವು. ಈ ಜಾಗವನ್ನು ಕಾಪಾಡಬೇಕೆಂದು ಸಲೀಂ ಅಲಿಯವರು ಮೈಸೂರಿನ ಅರಸರಿಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಒಂದು ಚದರ ಕಿಲೋಮೀಟರಿನಷ್ಟೂ ಇಲ್ಲದ ಪುಟ್ಟ ಜಾಗ ಅದು. ಇಂದು ಅಲ್ಲಿಗೆ ಹೋದವರನ್ನು ದೋಣಿಯಲ್ಲಿ ಕೂರಿಸಿ ಗೂಡುಗಳ ಹತ್ತಿರಕ್ಕೆ ಕರೆದೊಯ್ಯುತ್ತಾರೆ. ದೋಣಿಯವರು ಹುಟ್ಟು ಹಾಕುತ್ತಲೇ ಬಂಡೆಯ ಮೇಲೆ ಮಲಗಿದ ಮೊಸಳೆಯನ್ನೂ ತೋರಿಸುತ್ತಾರೆ.

1941ರಲ್ಲಿ ಸಲೀಂ ಅಲಿಯವರ ಭಾರತೀಯ ಪಕ್ಷಿಗಳ ಪುಸ್ತಕ ಹೊರಬಂತು. ಬಣ್ಣದ ಚಿತ್ರಗಳಿದ್ದ ಆ ಪುಸ್ತಕದಿಂದ ಸಾಮಾನ್ಯ ಜನರೂ ಹಕ್ಕಿಗಳನ್ನು ಗುರುತಿಸಲು ಕಲಿತರು. ಸ್ವಾತಂತ್ರ್ಯ ಹೋರಾಟದಲ್ಲಿ ಡೆಹ್ರಾಡೂನ್ ಸೆರೆಮನೆಯಲ್ಲಿದ್ದ ಜವಾಹರಲಾಲ್ ನೆಹರೂ ಅವರು ಅದರ ಒಂದು ಪ್ರತಿಯನ್ನು ಮಗಳು ಇಂದಿರಾಗೆ ಕಳುಹಿಸಿದ್ದರು. ಹಕ್ಕಿಗಳ ಬಗ್ಗೆ ಅವರ ಕಣ್ಣು ತೆರೆಸಿದ್ದು ಆ ಪುಸ್ತಕವೇ. ತಂದೆ ಮಗಳು ಇಬ್ಬರೂ ಮುಂದೆ ಪ್ರಧಾನಿಗಳಾದರು. ಹಕ್ಕಿಗಳ ಪರವಾಗಿ ಮಾತಾಡಬೇಕಾಗಿ ಬಂದಾಗ ಸಲೀಂ ಅಲಿಯವರ ಮಾತಿಗೆ ದೆಹಲಿಯಲ್ಲಿ ಕಿವಿಗೊಡುವವರಿದ್ದರು.

ಅಂಥ ಸಂದರ್ಭ ಬಂದದ್ದು ರಾಜಸ್ಥಾನದ ಭರತ್‌ಪುರದಲ್ಲಿ. ಅಲ್ಲಿ ಕೇವಲಾದೇವ ಎಂಬ ಶಿವನ ಗುಡಿಯಿದೆ. ಗುಡಿಯ ಸುತ್ತ ತಗ್ಗಾದ ನೆಲ. ಮಳೆಗಾಲದಲ್ಲಿ ಅಜಾನ್ ಎಂಬ ಅಣೆಕಟ್ಟಿನಿಂದ ಅಲ್ಲಿಗೆ ನೀರು ಬಿಟ್ಟರೆ ನೆಲವೆಲ್ಲ ಕೆರೆಯಂತಾಗುತ್ತದೆ. ಚಳಿಗಾಲಕ್ಕೆ ಸೈಬೀರಿಯಾ ಮತ್ತು ಮಧ್ಯ ಏಷ್ಯಾದಿಂದ ಸಾವಿರಾರು ಬಾತುಕೋಳಿಗಳು ಹಿಮಾಲಯವನ್ನು ದಾಟಿ ಬರುತ್ತವೆ. ಭರತ್‌ಪುರದ ಅರಸರು ಈ ಜಾಗವನ್ನು ಕಾಯುತ್ತಿದ್ದುದು ನಿಜ. ಆದರೆ ಅದು ಬೇಟೆಗಾಗಿ. ದೊಡ್ಡ ದೊಡ್ಡ ಅತಿಥಿಗಳನ್ನು ಕರೆಸಿ ಬಾತುಕೋಳಿಗಳನ್ನು ಹೊಡೆಸುತ್ತಿದ್ದರು. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ಗೌರವಾರ್ಥ ನಡೆದ ಬೇಟೆಯಲ್ಲಿ ಒಂದೇ ದಿನ ಸತ್ತ ಹಕ್ಕಿಗಳು 4,273. ಇದನ್ನು ಕಲ್ಲಿನ ಮೇಲೆ ಕೆತ್ತಿಸಿ ಇಟ್ಟಿದ್ದಾರೆ. ಆ ಕಲ್ಲನ್ನು ಇಂದಿಗೂ ನೋಡಬಹುದು.

ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಬೇರೊಂದು ಪ್ರಶ್ನೆ ಎದ್ದಿತು. ಅರಸರ ಬೇಟೆಗಾಗಿ ಇಷ್ಟು ನೆಲ, ಇಷ್ಟು ನೀರು ಏಕೆ? ನೀರನ್ನು ಬಸಿದು ನೆಲವನ್ನು ಉಳುಮೆಗೆ ಕೊಡಿ ಎಂದು ಸುತ್ತಲಿನ ಜನ ಕೇಳಿದರು. ಅವರ ಬೇಡಿಕೆಯಲ್ಲಿ ಅನ್ಯಾಯವೇನೂ ಇರಲಿಲ್ಲ. ರಾಜಸ್ಥಾನದಂಥ ಒಣ ನಾಡಿನಲ್ಲಿ ನೀರಿನ ಬೆಲೆ ಎಷ್ಟೆಂದು ಅಲ್ಲಿಯ ರೈತನಿಗೇ ಗೊತ್ತು. ಆದರೆ ನೀರು ಹೋದರೆ ದೂರದಿಂದ ಬರುವ ಹಕ್ಕಿಗಳಿಗೆ ಇಳಿಯಲು ಜಾಗವೇ ಇರುವುದಿಲ್ಲ. ಸಲೀಂ ಅಲಿಯವರು ಪ್ರಧಾನಿ ನೆಹರೂ ಅವರಿಗೆ ಇದನ್ನು ವಿವರಿಸಿದರು. ಜಾಗ ಉಳಿಯಿತು. 1956ರಲ್ಲಿ ಅದು ಪಕ್ಷಿಧಾಮವಾಯಿತು. ಅರಸರ ಬೇಟೆ ಮಾತ್ರ ಪೂರ್ತಿ ನಿಲ್ಲಲು 1972ರವರೆಗೆ ಕಾಯಬೇಕಾಯಿತು.

ಇದೇ ಭರತ್‌ಪುರದಲ್ಲಿ ಸಲೀಂ ಅಲಿ ಮತ್ತು ಅವರ ಶಿಷ್ಯರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ನಡೆಸಿದರು. ಅದಕ್ಕೆ ಕನ್ನಡನಾಡಿನ ಒಂದು ಕಾಯಿಲೆಯೂ ಕಾರಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಜನರಿಗೂ ಜ್ವರ ಹಬ್ಬಿತು. ಇದೇ ಮಂಗನ ಕಾಯಿಲೆ. ಇಂಥದೇ ರೋಗಾಣು ರಷ್ಯಾದ ಕಡೆ ಇದ್ದುದರಿಂದ, ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಮೂಲಕ ಅದು ಇಲ್ಲಿಗೆ ಬಂದಿರಬಹುದೇ ಎಂಬ ಸಂಶಯ ಹುಟ್ಟಿತು. ಹಕ್ಕಿಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ಹಣ ಒದಗಿಸಿತು.

ಹಕ್ಕಿಗಳನ್ನು ಗಾಯವಾಗದಂತೆ ಹಿಡಿಯಬೇಕು. ಇದು ಯಾರಿಗೆ ಬರುತ್ತದೆ? ಬಿಹಾರದಲ್ಲಿ ಮೀರ್‌ಶಿಕಾರಿಗಳೆಂಬ ಜನರಿದ್ದಾರೆ. ಬಲೆ ಬೀಸಿ ಹಕ್ಕಿ ಹಿಡಿದು ಮಾರುವುದು ಅವರ ಕುಲಕಸುಬಾಗಿತ್ತು. ಅವರನ್ನೇ ಕರೆಸಿ ಸಂಬಳ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡರು. ಅವರು ಹಿಡಿದು ತಂದ ಹಕ್ಕಿಯ ಕಾಲಿಗೆ ಹಗುರವಾದ ಲೋಹದ ಉಂಗುರ ತೊಡಿಸಿ ಹಾರಲು ಬಿಡುತ್ತಿದ್ದರು. ಉಂಗುರದ ಮೇಲೆ ಒಂದು ಸಂಖ್ಯೆ ಮತ್ತು ಮುಂಬಯಿಯ ಸಂಸ್ಥೆಯ ಹೆಸರು. ಎಲ್ಲೋ ದೂರದಲ್ಲಿ ಆ ಹಕ್ಕಿ ಯಾರಿಗಾದರೂ ಸಿಕ್ಕಿದರೆ ಅವರು ಮುಂಬಯಿಗೆ ಪತ್ರ ಬರೆಯುತ್ತಿದ್ದರು. ಭರತ್‌ಪುರದಲ್ಲಿ ಉಂಗುರ ತೊಟ್ಟ ಬಾತುಕೋಳಿಗಳು ಸಾವಿರಾರು ಕಿಲೋಮೀಟರು ದೂರದ ಸೈಬೀರಿಯಾದಲ್ಲಿ ಸಿಕ್ಕಿದ ಸುದ್ದಿ ಹೀಗೆ ಬಂತು.

ಸಲೀಂ ಅಲಿಯವರು ಮೈಯಲ್ಲಿ ಸಣಕಲು, ಆದರೆ ಓಡಾಟದಲ್ಲಿ ಗಟ್ಟಿ. ಮೋಟಾರ್ ಸೈಕಲ್ ಎಂದರೆ ಅವರಿಗೆ ಪ್ರಾಣ. 1950ರಲ್ಲಿ ಸ್ವೀಡನ್ ದೇಶದ ಉಪ್ಸಾಲಾದಲ್ಲಿ ಪಕ್ಷಿತಜ್ಞರ ಸಮ್ಮೇಳನ ನಡೆದಾಗ ತಮ್ಮ ಸನ್‌ಬೀಮ್ ಮೋಟಾರ್ ಸೈಕಲನ್ನು ಹಡಗಿನಲ್ಲಿ ಹಾಕಿಕೊಂಡು ಹೋಗಿ, ಯುರೋಪಿನಲ್ಲೆಲ್ಲ ಅದರ ಮೇಲೆಯೇ ತಿರುಗಿದರು. ಇವರು ಭಾರತದಿಂದಲೇ ಗಾಡಿ ಓಡಿಸಿಕೊಂಡು ಬಂದಿದ್ದಾರೆಂದು ಅಲ್ಲಿ ಕೆಲವರು ತಿಳಿದುಕೊಂಡರಂತೆ! ಎಪ್ಪತ್ತು ದಾಟಿದ ಮೇಲೆ ಅಮೆರಿಕದ ರಿಪ್ಲಿ ಎಂಬ ವಿಜ್ಞಾನಿಯ ಜೊತೆ ಸೇರಿ ಭಾರತ ಮತ್ತು ನೆರೆಯ ದೇಶಗಳ ಹಕ್ಕಿಗಳ ಬಗ್ಗೆ ಹತ್ತು ಸಂಪುಟಗಳ ಗ್ರಂಥವನ್ನು ಹೊರತಂದರು. ಸುಮಾರು ಎಂಬತ್ತನೆಯ ವಯಸ್ಸಿನಲ್ಲಿ 50,000 ಡಾಲರಿನ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಾಗ ಅದನ್ನು ಪ್ರಕೃತಿ ಸಂರಕ್ಷಣೆಯ ನಿಧಿಗೆ ಕೊಟ್ಟುಬಿಟ್ಟರು. 1976ರಲ್ಲಿ ಭಾರತ ಸರಕಾರ ಅವರಿಗೆ ಪದ್ಮವಿಭೂಷಣ ನೀಡಿತು.

ಅದೇ ವರ್ಷಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿಯ ವಿಷಯ ದೇಶದಲ್ಲೆಲ್ಲ ಚರ್ಚೆಯಾಗುತ್ತಿತ್ತು. ಅಲ್ಲಿ ಹರಿಯುವ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತಯಾರಿಸುವ ಯೋಜನೆ ಸಿದ್ಧವಾಗಿತ್ತು. ಮಲಬಾರಿನ ಜನರಿಗೆ ವಿದ್ಯುತ್ ಬೇಕಿತ್ತು. ಆದರೆ ಅಣೆಕಟ್ಟು ಕಟ್ಟಿದರೆ ಸಿಂಗಳೀಕಗಳು ಬದುಕುವ ದಟ್ಟ ಮಳೆಕಾಡು ನೀರಿನಲ್ಲಿ ಮುಳುಗುತ್ತಿತ್ತು. ಕೇರಳದ ಅಧ್ಯಾಪಕರು, ವಿಜ್ಞಾನದ ಕಾರ್ಯಕರ್ತರು, ಕವಿಗಳು ಕಾಡಿನ ಪರವಾಗಿ ನಿಂತರು. ಕವಯಿತ್ರಿ ಸುಗತಕುಮಾರಿ ಅವರಲ್ಲಿ ಮುಖ್ಯರು. ವಯಸ್ಸಾಗಿದ್ದ ಸಲೀಂ ಅಲಿಯವರೂ ಆ ಕಣಿವೆಯನ್ನು ನೋಡಿ, ಯೋಜನೆಯನ್ನು ಕೈಬಿಡಬೇಕೆಂದು ಕೇಳಿಕೊಂಡರು. ಕೊನೆಗೆ ಯೋಜನೆ ನಿಂತಿತು. 1984ರಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೆ ಒಂದು ವರ್ಷ ಮೊದಲೇ, 1983ರಲ್ಲಿ, ತಟ್ಟೇಕ್ಕಾಡಿನ 25 ಚದರ ಕಿಲೋಮೀಟರ್ ಕಾಡು ಪಕ್ಷಿಧಾಮವಾಗಿತ್ತು. ಅವರು ಅಲ್ಲಿ ಡೇರೆ ಹಾಕಿ ಆಗಲೇ ಐವತ್ತು ವರ್ಷಗಳಾಗಿದ್ದವು.

ಎಲ್ಲ ಕಡೆಯೂ ಎಲ್ಲವೂ ಸುಲಭವಾಗಿ ಮುಗಿಯಿತೆಂದು ಹೇಳುವಂತಿಲ್ಲ. ಭರತ್‌ಪುರದ ಕತೆ ಇನ್ನೂ ಸ್ವಲ್ಪ ಇದೆ. ಆ ಪಕ್ಷಿಧಾಮವನ್ನು 1982ರ ಹೊತ್ತಿಗೆ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿದರು. ಸುತ್ತಲಿನ ಹಳ್ಳಿಯವರು ತಲೆತಲಾಂತರದಿಂದ ತಮ್ಮ ಎಮ್ಮೆಗಳನ್ನು ಅಲ್ಲಿ ಮೇಯಿಸುತ್ತಿದ್ದರು. ಅದನ್ನು ನಿಲ್ಲಿಸಲಾಯಿತು. ದನ, ಎಮ್ಮೆಗಳು ಮೇಯುವುದರಿಂದ ಹಕ್ಕಿಗಳ ನೆಲೆ ಕೆಡುತ್ತದೆ ಎಂಬುದು ಆಗಿನ ಬಹುಪಾಲು ತಜ್ಞರ ನಂಬಿಕೆ. ಸಲೀಂ ಅಲಿಯವರೂ ಹಾಗೆಯೇ ನಂಬಿದ್ದರು. ಹಳ್ಳಿಯವರು ಪ್ರತಿಭಟಿಸಿದರು. ಜಗಳವಾಯಿತು. ಪೊಲೀಸರು ಗುಂಡು ಹಾರಿಸಿದರು. ಕೆಲವು ಹಳ್ಳಿಗರು ಪ್ರಾಣ ಕಳೆದುಕೊಂಡರು.

ಸಲೀಂ ಅಲಿಯವರ ಸಂಸ್ಥೆಯ ವಿಜ್ಞಾನಿಗಳು 1980ರಿಂದ ಹತ್ತು ವರ್ಷ ಅಲ್ಲಿ ಅಧ್ಯಯನ ನಡೆಸುತ್ತಿದ್ದರು. ಎಮ್ಮೆಗಳು ಹೋದ ಮೇಲೆ ನೀರಿನಲ್ಲಿ ಹುಲ್ಲು ಎತ್ತರಕ್ಕೆ ಬೆಳೆಯಿತು. ಹುಲ್ಲು ದಟ್ಟವಾದಂತೆ ಬಾತುಕೋಳಿಗಳಿಗೆ ಈಜಲು ತೆರೆದ ನೀರು ಕಡಿಮೆಯಾಯಿತು. ಹಕ್ಕಿಗಳ ಸಂಖ್ಯೆಯೂ ಇಳಿಯಿತು. ಎಮ್ಮೆಗಳು ಹುಲ್ಲನ್ನು ತಿಂದು ಹಕ್ಕಿಗಳಿಗೆ ಉಪಕಾರವನ್ನೇ ಮಾಡುತ್ತಿದ್ದವು ಎಂಬುದು ಈ ಎಣಿಕೆಯಿಂದ ತಿಳಿಯಿತು. ಗುರುಗಳು ನಂಬಿದ್ದುದು ಒಂದು, ಎಣಿಕೆ ತೋರಿಸಿದ್ದು ಇನ್ನೊಂದು. ವಿಜ್ಞಾನಿಗಳು ಎಣಿಕೆ ತೋರಿಸಿದ್ದನ್ನೇ ಬರೆದರು. ಗೀಜಗನ ಗೂಡಿನ ಎದುರು ಕುಳಿತು ಸಲೀಂ ಅಲಿಯವರು ಮಾಡಿದ್ದೂ ಇದನ್ನೇ ಅಲ್ಲವೇ? ಹಳ್ಳಿಯವರು ಒಳಗೆ ಬಂದು ಹುಲ್ಲು ಕೊಯ್ದುಕೊಂಡು ಹೋಗಲು ಅನುಮತಿ ಕೊಡಲಾಯಿತು.

ಆ ಅಧ್ಯಯನ ಮುಗಿಯುವುದನ್ನು ನೋಡಲು ಸಲೀಂ ಅಲಿಯವರು ಇರಲಿಲ್ಲ. 1987ರ ಜೂನ್ 20ರಂದು, ತೊಂಬತ್ತು ವರ್ಷ ದಾಟಿದ ಅವರು ಮುಂಬಯಿಯಲ್ಲಿ ನಿಧನರಾದರು.

ಭರತ್‌ಪುರದ ಉದ್ಯಾನ 1985ರಲ್ಲೇ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತ್ತು. ಅಲ್ಲಿಗೆ ಬರುತ್ತಿದ್ದ ಸೈಬೀರಿಯಾದ ಬಿಳಿ ಕ್ರೌಂಚಗಳು 2002ರ ನಂತರ ಕಾಣಿಸಿಕೊಂಡಿಲ್ಲ. ಉಳಿದ ಹಕ್ಕಿಗಳು ಬರುತ್ತವೆ. ಉದ್ಯಾನವನ್ನು ಕಾಲ್ನಡಿಗೆಯಲ್ಲಿ, ಸೈಕಲಿನಲ್ಲಿ ಅಥವಾ ಸೈಕಲ್ ರಿಕ್ಷಾದಲ್ಲಿ ಸುತ್ತಬಹುದು. ರಿಕ್ಷಾ ತುಳಿಯುವವರಿಗೆ ಹಕ್ಕಿಗಳನ್ನು ಗುರುತಿಸುವ ತರಬೇತಿ ಕೊಟ್ಟಿದ್ದಾರೆ. ಯಾವ ಮರದಲ್ಲಿ ಯಾವ ಗೂಬೆ ಕುಳಿತಿರುತ್ತದೆ ಎಂದು ಅವರಿಗೆ ಗೊತ್ತು.

ನಮಗೆ ಭರತ್‌ಪುರ ದೂರ. ತಟ್ಟೇಕ್ಕಾಡ್ ಎರ್ನಾಕುಳಂ ಜಿಲ್ಲೆಯಲ್ಲೇ ಇದೆ. ಆ ಪಕ್ಷಿಧಾಮಕ್ಕೆ ಈಗ ಸಲೀಂ ಅಲಿಯವರ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿಗೆ ಹೋಗುವವರು ಬೆಳಗಿನ ಹೊತ್ತು ಹೋಗಬೇಕು. ಬಿಸಿಲೇರಿದ ಮೇಲೆ ಹಕ್ಕಿಗಳು ಎಲೆಗಳ ನಡುವೆ ಅಡಗುತ್ತವೆ. ಕೆಂಪು, ಹಳದಿ ಬಟ್ಟೆ ಬೇಡ, ಗಟ್ಟಿಯಾಗಿ ಮಾತು ಬೇಡ. ಒಂದು ಸಣ್ಣ ಪುಸ್ತಕ, ಪೆನ್ಸಿಲ್ ಇದ್ದರೆ ಒಳ್ಳೆಯದು. ಅಲ್ಲಿ ಕಪ್ಪೆಬಾಯಿ ಎಂಬ ವಿಚಿತ್ರ ಹಕ್ಕಿಯಿದೆ. ಅದು ಹಗಲೆಲ್ಲ ಒಣಗಿದ ಎಲೆಯಂತೆ ಕೊಂಬೆಯ ಮೇಲೆ ಅಲ್ಲಾಡದೆ ಕುಳಿತಿರುತ್ತದೆ. ದಾರಿ ತೋರಿಸುವವರು ಬೆರಳು ಮಾಡಿ ತೋರಿಸಿದರೂ ಅದು ಎಲೆಯೋ ಹಕ್ಕಿಯೋ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ.